ಮೂಲವ್ಯಾಧಿ ಆಪರೇಶನ್ ಆದ ಮೇಲೆ ಮನೆಯಲ್ಲಿ ನಲವತ್ತೈದು ದಿನ



ನಮ್ಮ ಸಮಾಜದ ನಾಲ್ಕು ಜನ ಹಿರಿಯರು ಬಸದಿಯ ಕಟ್ಟೆಯ ಮೇಲೆ ಕೂಡಿದರೆ ಮಾತು ತೊಗರಿ ಬೇಳೆಯ ಧಾರಣೆಯಿಂದ ಶುರುವಾಗಿ ಸಕ್ಕರೆ ಕಾಯಿಲೆಗೆ ಬಂದು ನಿಲ್ಲುತ್ತದೆ. ಯಾರಿಗೆ ಎಷ್ಟು ಶುಗರ್, ಯಾರಿಗೆ ಬಿ.ಪಿ., ಯಾರ ಮೊಣಕಾಲಿಗೆ ಆಪರೇಶನ್ ಆಯಿತು, ಎಲ್ಲವೂ ಎಲ್ಲರಿಗೂ ಗೊತ್ತು. ಆದರೆ ಒಂದು ರೋಗದ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದರೂ ನಗೆಚಾಟಿಕೆಗೆ ಎತ್ತುತ್ತಾರೆ. ಅದು ಮೂಲವ್ಯಾಧಿ. ನಾವೂ ಹನ್ನೊಂದು ವರ್ಷ ಅದನ್ನು ಬಚ್ಚಿಟ್ಟೆವು. ಮುಚ್ಚಿಟ್ಟ ಸಾಲಕ್ಕೆ ಬಡ್ಡಿ ಏರಿದಂತೆ ರೋಗವೂ ಏರಿತು. ಕಳೆದ ಮಾರ್ಗಶಿರದಲ್ಲಿ ಆಪರೇಶನ್ ಆಯಿತು. ಆಪರೇಶನ್ನಿಗಿಂತ ಆಮೇಲಿನ ನಲವತ್ತೈದು ದಿನ ಮನೆಯಲ್ಲಿ ಕಲಿತದ್ದೇ ಹೆಚ್ಚು. ಆ ಅನುಭವ ನಾಲ್ಕು ಮನೆಗಾದರೂ ಉಪಯೋಗವಾಗಲಿ ಎಂದು ಸಂಕೋಚ ಬಿಟ್ಟು ಬರೆಯುತ್ತಿದ್ದೇವೆ.

ಗಾದಿಯ ರೋಗ

ನಮ್ಮದು ಅಕ್ಕಲಕೋಟೆಯಲ್ಲಿ ಕಿರಾಣಿ ಮತ್ತು ಬೇಳೆಕಾಳಿನ ಅಂಗಡಿ. ಮ್ಯಾಟ್ರಿಕ್ ಮುಗಿಸಿದ ವರ್ಷವೇ ತೀರ್ಥರೂಪರು ನಮ್ಮನ್ನು ಗಾದಿಯ ಮೇಲೆ ಕೂಡಿಸಿದರು. "ಗಿರಾಕಿ ನಿಂತಿರುವಾಗ ಗಾದಿ ಬಿಟ್ಟು ಏಳಬಾರದು" ಎಂಬುದು ಅವರು ಕಲಿಸಿದ ಮೊದಲ ಪಾಠ. ನಾವು ಅದನ್ನು ಐವತ್ತು ವರ್ಷದ ಹತ್ತಿರ ಪಾಲಿಸಿದೆವು. ಹೊಟ್ಟೆ ಕರೆದಾಗ ಎದ್ದವರಲ್ಲ. ಪದೇ ಪದೇ ಏಳಬೇಕಾಗುತ್ತದೆಂದು ನೀರನ್ನೂ ಕುಡಿದವರಲ್ಲ. ಕೂಡುವುದಕ್ಕಿಂತ ಈ ತಡೆಹಿಡಿಯುವ ರೂಢಿಯೇ ಹೆಚ್ಚು ಕೆಡಿಸಿತೆಂದು ವೈದ್ಯರು ಆಮೇಲೆ ಹೇಳಿದರು. ತಡೆಹಿಡಿದ ಮಲ ಒಣಗುತ್ತದೆ. ಒಣಗಿದ್ದಕ್ಕೆ ಮುಕ್ಕಬೇಕು. ಮುಕ್ಕಿದಷ್ಟೂ ಗುದದ್ವಾರದ ಒಳಗಿನ ರಕ್ತನಾಳಗಳ ಮೆತ್ತೆ ಉಬ್ಬಿ ಕೆಳಗೆ ಜಾರುತ್ತದೆ. ಮೂಲವ್ಯಾಧಿ ಎಂದರೆ ಇಷ್ಟೇ.

ಒಳಮೂಲಕ್ಕೆ ನಾಲ್ಕು ಹಂತಗಳಿವೆ. ಮೊದಲನೆಯದರಲ್ಲಿ ರಕ್ತ ಮಾತ್ರ ಹೋಗುತ್ತದೆ. ಎರಡನೆಯದರಲ್ಲಿ ಮೊಳೆ ಹೊರಗೆ ಬಂದು ತಾನೇ ಒಳಗೆ ಹೋಗುತ್ತದೆ. ಮೂರನೆಯದರಲ್ಲಿ ಕೈಯಿಂದ ಒಳಗೆ ದೂಡಬೇಕು. ನಾಲ್ಕನೆಯದರಲ್ಲಿ ದೂಡಿದರೂ ಹೋಗುವುದಿಲ್ಲ. ಮೊದಲ ಎರಡು ಹಂತಗಳಲ್ಲಿ ತೋರಿಸಿದರೆ ಬಹುಮಟ್ಟಿಗೆ ಆಹಾರ, ಔಷಧಿ, ಇಲ್ಲವೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತದೆ. ನಾವು ತೋರಿಸಿದ್ದು ಮೂರನೆಯ ಹಂತದ ಕೊನೆಗೆ.

ಅಲ್ಲಿಯವರೆಗೆ ಕಂಡಕಂಡವರ ಔಷಧಿ ನಡೆಯಿತು. ಒಬ್ಬರು ಸುವರ್ಣಗಡ್ಡೆ ತಿನ್ನಿರೆಂದರು. ಸಂಸ್ಕೃತದಲ್ಲಿ ಅದಕ್ಕೆ ಅರ್ಶೋಘ್ನ, ಅಂದರೆ ಮೂಲವ್ಯಾಧಿಯನ್ನು ನಾಶಮಾಡುವುದು, ಎಂಬ ಹೆಸರೇ ಇದೆ. ಆದರೆ ಅದು ಕಂದಮೂಲ, ನಮಗೆ ವರ್ಜ್ಯ. ಇನ್ನೊಬ್ಬರು ಒಣ ಅಂಜೂರ ತಂದುಕೊಟ್ಟರು. ಅದು ಉದುಂಬರ ಫಲಗಳ ಜಾತಿ. ಮತ್ತೊಬ್ಬರ ಪುಡಿಯನ್ನು ಜೇನಿನಲ್ಲಿ ಕಲಸಿ ತಿನ್ನಬೇಕಿತ್ತು. ಹೀಗೆ ಹೇಳಿದ್ದನ್ನು ತಿನ್ನಲಾಗದೆ, ತಿನ್ನಲಾಗದೆಂದು ಯಾರ ಮುಂದೂ ಹೇಳಲಾಗದೆ ದಿನ ದೂಡಿದೆವು. ಸಂತೆಯಲ್ಲಿ ಕೂಡುವ ಒಬ್ಬ "ಆಪರೇಶನ್ ಇಲ್ಲದೆ ಗ್ಯಾರಂಟಿ" ಎಂದು ಹಚ್ಚಿದ ಮುಲಾಮಿನಿಂದ ಸುಟ್ಟು ಹುಣ್ಣಾಗಿ ತಿಂಗಳುಗಟ್ಟಲೆ ನರಳಿದೆವು.

ನಮ್ಮ ಪೂರ್ವಾಚಾರ್ಯರು ಈ ತೊಡಕನ್ನು ಎಂದೋ ಬಲ್ಲವರಾಗಿದ್ದರು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ಮದ್ಯ, ಮಾಂಸ, ಮಧು ಇಲ್ಲದ ಚಿಕಿತ್ಸೆಗೆಂದೇ ರಚಿಸಿದರು. ನಮ್ಮ ಸೊಲ್ಲಾಪುರದಲ್ಲಿಯೇ ಅದು ೧೯೪೦ರಲ್ಲಿ ಹಿಂದಿ ಅನುವಾದದೊಡನೆ ಅಚ್ಚಾಯಿತು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕನ್ನಡ 'ಕರ್ಣಾಟಕ ಕಲ್ಯಾಣಕಾರಕ'ವೂ ಇದೇ ದಾರಿಯದು. ಧರ್ಮ ಬಿಡದೆ ದೇಹ ಕಾಯುವ ದಾರಿ ಉಂಟೆಂದು ಅವರು ತೋರಿಸಿದ್ದಾರೆ. ಆದರೆ ಆ ದಾರಿಗೆ ಬರಬೇಕಾದರೆ ಮೊದಲು ರೋಗವನ್ನು ಬಾಯಿಬಿಟ್ಟು ಹೇಳಬೇಕು. ನಾವು ಅದನ್ನೇ ಮಾಡಿರಲಿಲ್ಲ.

ಕಡೆಗೆ ದೀಪಾವಳಿಯ ಮಹಾವೀರ ನಿರ್ವಾಣ ಪೂಜೆಯ ದಿನ ಧೋತರದ ಮೇಲೆ ರಕ್ತ ಕಂಡು ಮಗ ಕೇಳಿದ. ಹೇಳಲೇಬೇಕಾಯಿತು. ಸೊಲ್ಲಾಪುರದ ಆಸ್ಪತ್ರೆಗೆ ಕರೆದೊಯ್ದ. ಈ ವಯಸ್ಸಿನಲ್ಲಿ ರಕ್ತ ಹೋಗುತ್ತಿದ್ದರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಕೂಡದು, ದೊಡ್ಡಕರುಳಿನ ಕ್ಯಾನ್ಸರಿನಲ್ಲಿಯೂ ಹೀಗೆ ಆಗುತ್ತದೆಂದು ವೈದ್ಯರು ಮೊದಲು ದುರ್ಬೀನು ಹಾಕಿ ಕರುಳು ನೋಡಿದರು. ಬೇರೇನೂ ಇರಲಿಲ್ಲ. ಆ ವರದಿ ಕೈಗೆ ಬರುವವರೆಗಿನ ಎರಡು ದಿನ ನಾವು ಉಂಡದ್ದು ಊಟವಲ್ಲ. ಆಮೇಲೆ ಮಾರ್ಗಶಿರ ಶುದ್ಧ ಪಂಚಮಿಯಂದು ಆಪರೇಶನ್ ಮಾಡಿದರು. ಲಂಡನ್ನಿನ ಮಿಲಿಗನ್ ಮತ್ತು ಮಾರ್ಗನ್ ಎಂಬ ಶಸ್ತ್ರವೈದ್ಯರು ೧೯೩೭ರಲ್ಲಿ ವಿವರಿಸಿದ ಪದ್ಧತಿಯಂತೆ ಮೊಳೆಗಳನ್ನು ಕತ್ತರಿಸಿ, ಗಾಯಕ್ಕೆ ಹೊಲಿಗೆ ಹಾಕದೆ ತಾನಾಗಿ ಮಾಯಲು ಬಿಡುತ್ತಾರೆ. ಈಗ ಸ್ಟೇಪ್ಲರ್, ಲೇಸರ್ ಮೊದಲಾದವೂ ಬಂದಿವೆ. ಯಾರಿಗೆ ಯಾವುದೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಮನೆಗೆ ಬಂದ ಮೊದಲ ವಾರ

ಆಪರೇಶನ್ ಆದ ರಾತ್ರಿ ಮೂತ್ರ ಕಟ್ಟಿಕೊಂಡು ನಳಿಗೆ ಹಾಕಬೇಕಾಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಈ ಆಪರೇಶನ್ನಿನಲ್ಲಿ, ಅದರಲ್ಲೂ ಪ್ರಾಸ್ಟೇಟ್ ಗ್ರಂಥಿ ಉಬ್ಬಿದ ವಯಸ್ಸಿನ ಗಂಡಸರಿಗೆ, ಹೀಗಾಗುವುದುಂಟು. ಗಾಬರಿ ಬೇಡ, ಆದರೆ ಸುಮ್ಮನಿರಲೂಬಾರದು. ಎರಡನೆಯ ದಿನ ನಳಿಗೆ ತೆಗೆದು, ಮೂತ್ರ ಸಲೀಸಾದ ಮೇಲೆ ಮನೆಗೆ ಬಿಟ್ಟರು. ಕಾರಿನ ಹಿಂದಿನ ಸೀಟಿನಲ್ಲಿ ಒಂದು ಮಗ್ಗುಲಿಗೆ ಮಲಗಿ ಅಕ್ಕಲಕೋಟೆಗೆ ಬಂದೆವು. ಆ ರಸ್ತೆಯ ಪ್ರತಿಯೊಂದು ಗುಂಡಿಯೂ ಅಂದು ನಮಗೆ ಲೆಕ್ಕ ಸಿಕ್ಕಿತು.

ಮೊದಲ ವಾರದ ನೋವನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಅದರಲ್ಲೂ ಮೊದಲ ಸಲ ಬಹಿರ್ದೆಶೆಗೆ ಹೋಗುವುದು. ಅದರ ಹೆದರಿಕೆಗೆ ಎಷ್ಟೋ ಜನ ಊಟವನ್ನೇ ಬಿಟ್ಟುಬಿಡುತ್ತಾರಂತೆ. ಊಟ ಬಿಟ್ಟರೆ ಮಲ ಗಟ್ಟಿಯಾಗಿ ನೋವು ಇಮ್ಮಡಿಯಾಗುತ್ತದೆ. ಹೋಗುವ ಅರ್ಧ ಗಂಟೆ ಮೊದಲು ವೈದ್ಯರು ಹೇಳಿದ ನೋವಿನ ಗುಳಿಗೆ ತೆಗೆದುಕೊಳ್ಳುವುದು, ಮುಕ್ಕದೆ ಕೂಡುವುದು, ಐದು ನಿಮಿಷಕ್ಕಿಂತ ಹೆಚ್ಚು ಕೂಡದೆ ಎದ್ದು ಬರುವುದು, ಈ ಮೂರರಿಂದ ನಮಗೆ ಅನುಕೂಲವಾಯಿತು. ನಮ್ಮ ಮನೆಯಲ್ಲಿ ಇರುವುದು ಕುಕ್ಕುರುಗಾಲಿನ ಪಾಯಖಾನೆ. ಮಗ ಅದರ ಮೇಲಿಡುವ ಕುರ್ಚಿಯನ್ನೂ ಕಾಲ ಕೆಳಗಿಡಲು ಒಂದು ಗಿಡ್ಡ ಮಣೆಯನ್ನೂ ತಂದಿಟ್ಟ. ಕಾಲು ಸ್ವಲ್ಪ ಎತ್ತರದಲ್ಲಿದ್ದರೆ ಮುಕ್ಕುವ ಪ್ರಸಂಗ ಕಡಿಮೆಯಾಗುತ್ತದೆ.

ಔಷಧಿಗಿಂತ ಹೆಚ್ಚು ಸುಖ ಕೊಟ್ಟದ್ದು ಬಿಸಿನೀರಿನ ಟಬ್ಬು. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಮೊಣಕೈ ಅದ್ದಿದರೆ ಹಿತವಾಗುವಷ್ಟು ಬಿಸಿಯ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂಡುವುದು. ದಿನಕ್ಕೆ ಮೂರು ಸಲ, ಮತ್ತು ಬಹಿರ್ದೆಶೆಗೆ ಹೋಗಿಬಂದಾಗಲೆಲ್ಲ. ನೀರಿಗೆ ಡೆಟ್ಟಾಲ್, ಉಪ್ಪು, ಏನನ್ನೂ ಹಾಕಬೇಡಿರೆಂದು ನಮ್ಮ ವೈದ್ಯರು ಹೇಳಿದರು. ಗಾಳಿಸಿ ಕಾಸಿದ ನೀರು ನಮ್ಮ ಮನೆಗಳಲ್ಲಿ ಯಾವಾಗಲೂ ಇರುವುದೇ. ಆಮೇಲೆ ಉಜ್ಜದೆ, ಮೆತ್ತಗಿನ ಹಳೆಯ ಧೋತರದ ತುಂಡನ್ನು ಒತ್ತಿ ಒರೆಸಬೇಕು. ಮಲಗುವಾಗ ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಬೇಕು. ಹಾಸಿಗೆಯಲ್ಲೇ ಬಿದ್ದಿರದೆ ಅಂಗಳದಲ್ಲಿ ನಾಲ್ಕು ಹೆಜ್ಜೆ ತಿರುಗಾಡಬೇಕು. ಬೇಳೆಯ ಚೀಲವಿರಲಿ, ತುಂಬಿದ ಬಿಂದಿಗೆಯನ್ನೂ ಎತ್ತಬಾರದು.

ಸೂರ್ಯಾಸ್ತದ ಒಳಗಿನ ನೀರಿನ ಲೆಕ್ಕ

ನಮ್ಮಂಥವರ ಮನೆಗಳಲ್ಲಿ ನಿಜವಾದ ಕಷ್ಟ ಇಲ್ಲಿದೆ. ದಿನಕ್ಕೆ ಎರಡೂವರೆ ಲೀಟರ್ ನೀರು ಹೋಗಬೇಕೆಂದು ವೈದ್ಯರು ಹೇಳಿದರು. ನಮಗೆ ರಾತ್ರಿ ಅನ್ನ ನೀರು ಎರಡೂ ಇಲ್ಲ. ಮಾರ್ಗಶಿರದ ಹಗಲು ನಮ್ಮ ಸೀಮೆಯಲ್ಲಿ ಹನ್ನೊಂದು ಗಂಟೆ ಮಾತ್ರ. ಸೊಸೆ ಇದನ್ನು ರೋಕಡಿ ಬರೆದಂತೆ ಬರೆದಿಟ್ಟಳು. ಕಾಲು ಲೀಟರಿನ ಒಂದು ಲೋಟ ನೇಮಿಸಿ, ಬೆಳಿಗ್ಗೆ ಏಳೂವರೆಗೆ ಎರಡು ಲೋಟ ಬೆಚ್ಚನೆಯ ನೀರು, ಆಮೇಲೆ ಗಂಟೆಗೊಂದರಂತೆ ಐದೂವರೆಯೊಳಗೆ ಇನ್ನೆಂಟು. ಹತ್ತು ಲೋಟವಾದರೆ ಲೆಕ್ಕ ಚುಕ್ತಾ. "ಮಾಮಾರ, ಇವತ್ತ ಇನ್ನೂ ಮೂರು ಲೋಟ ಬಾಕಿ ಅದಾವ್ರಿ" ಎಂದು ಅವಳು ಬಂದು ನಿಂತರೆ, ಊರಿಗೆಲ್ಲ ಉದ್ರಿ ವಸೂಲು ಮಾಡಿದ ನಾವು ಬಾಯಿ ಮುಚ್ಚಿ ಕುಡಿಯುತ್ತಿದ್ದೆವು. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ನೀರಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ಗೊತ್ತುಮಾಡಿಕೊಳ್ಳಬೇಕು.

ಇಸಬಗೋಲವನ್ನು ಎಲ್ಲರೂ ರಾತ್ರಿ ಮಲಗುವಾಗ ತೆಗೆದುಕೊಳ್ಳುತ್ತಾರೆ. ನಾವು ಸಂಜೆಯ ಊಟವಾದ ಮೇಲೆ ಐದು ಗಂಟೆಗೆ ಎರಡು ಚಮಚ ತೆಗೆದುಕೊಂಡೆವು. ಗುಣದಲ್ಲಿ ಏನೂ ಕೊರತೆಯಾಗಲಿಲ್ಲ. ಗುಜರಾತದ ಉಂಝಾ ಪೇಟೆಯಿಂದ ಬರುವ ಈ ಸಿಪ್ಪೆಯನ್ನು ನಾವು ಎಷ್ಟೋ ವರ್ಷ ಮಾರಿದ್ದೇವೆ, ಆದರೆ ಅದರ ಮರ್ಮ ಈಗ ತಿಳಿಯಿತು. ಅದು ನೀರು ಹೀರಿ ಉಬ್ಬಿ ಮಲವನ್ನು ಮೆತ್ತಗೆ ಮಾಡುತ್ತದೆ. ಪೂರ್ತಿ ಒಂದು ಲೋಟ ನೀರು ಕುಡಿಯದೆ ತೆಗೆದುಕೊಂಡರೆ ಒಳಗೇ ಗಟ್ಟಿಯಾಗಿ ಕೆಲಸ ಕೆಡಿಸುತ್ತದೆ.

ಊಟದಲ್ಲಿ ಹಿಟ್ಟನ್ನು ಸೋಸಿ ತೌಡು ಚೆಲ್ಲುವುದನ್ನು ಮನೆಯವರು ನಿಲ್ಲಿಸಿದರು. ಜೋಳದ ನುಚ್ಚು, ಮೆತ್ತಗಿನ ರೊಟ್ಟಿ, ಹೆಸರು ಬೇಳೆಯ ಕಟ್ಟು, ಹೀರೆಕಾಯಿ, ಸೋರೆಕಾಯಿ, ಪಪ್ಪಾಯಿ, ಬಾಳೆಹಣ್ಣು. ಬೇಳೆಯೊಡನೆ ಮಜ್ಜಿಗೆ ದ್ವಿದಳವಾಗುವುದರಿಂದ ಮಜ್ಜಿಗೆಯನ್ನು ಬೇರೆ ಹೊತ್ತಿಗೆ ಕೊಟ್ಟರು. ಅಂಜೂರದ ಬದಲು ರಾತ್ರಿ ನೆನೆಹಾಕಿ ಬೆಳಿಗ್ಗೆ ತಿನ್ನುವ ಒಣದ್ರಾಕ್ಷಿ ಸಾಕಾಯಿತು. ನಮ್ಮ ಸೊಲ್ಲಾಪುರ, ಸಾಂಗಲಿ ಸೀಮೆಯ ದ್ರಾಕ್ಷಿ ಇರುವಾಗ ನಮಗೇನು ಕೊರತೆ? ಹಸಿರು ಬಿಡುವ ಅಷ್ಟಮಿ ಚತುರ್ದಶಿಗಳಂದು ತೌಡಿನ ರೊಟ್ಟಿ, ಹೆಸರು, ದ್ರಾಕ್ಷಿಗಳಲ್ಲೇ ನಡೆಯುತ್ತದೆ. ಶೇಂಗಾದ ಖಾರ ಚಟ್ನಿಗೆ ಮಾತ್ರ ಒಂದೂವರೆ ತಿಂಗಳು ಕೈಮುಗಿದೆವು.

ಔಷಧಿಯ ವಿಷಯದಲ್ಲಿಯೂ ಬಾಯಿಬಿಟ್ಟು ಕೇಳುವುದು ಲೇಸು. ಕ್ಯಾಪ್ಸೂಲಿನ ಕವಚ ಬಹುತೇಕ ಪ್ರಾಣಿಜನ್ಯ ಜೆಲಟಿನ್ನಿನದು. "ನಾವು ಜೈನರು" ಎಂದು ಹೇಳಿದೊಡನೆ ವೈದ್ಯರು ಅದೇ ಔಷಧಿಯನ್ನು ಗುಳಿಗೆಯ ರೂಪದಲ್ಲಿ ಬರೆದುಕೊಟ್ಟರು. ದಿನಕ್ಕೆ ಮೂರು ಸಲದ ಗುಳಿಗೆಗೆ ಬದಲಾಗಿ ಬೆಳಿಗ್ಗೆ ಮತ್ತು ಸೂರ್ಯಾಸ್ತದೊಳಗೆ ತೆಗೆದುಕೊಳ್ಳುವಂಥದನ್ನು ಕೊಟ್ಟರು. ಆದರೆ ಕೇಳದೆ ತಾವೇ ಗುಳಿಗೆ ಬಿಡುವುದು, ಹೊತ್ತು ಬದಲಿಸುವುದು ತಪ್ಪು. ಆ ತಪ್ಪಿನ ಅಣ್ಣನಂಥ ತಪ್ಪನ್ನು ನಾವು ಮಾಡಿದೆವು.

ಚತುರ್ದಶಿಯ ಉಪವಾಸ

ಇಪ್ಪತ್ತು ವರ್ಷಗಳಿಂದ ನಮಗೆ ಚತುರ್ದಶಿಯ ಉಪವಾಸದ ನಿಯಮವಿದೆ. ಅಂದು ನೀರೂ ಇಲ್ಲ. ಆಪರೇಶನ್ ಆದ ಒಂಬತ್ತನೆಯ ದಿನ ಚತುರ್ದಶಿ ಬಂತು. ನೋವು ಇಳಿದಿತ್ತು, ಅಂಗಳದಲ್ಲಿ ತಿರುಗಾಡುತ್ತಿದ್ದೆವು. ನಿಯಮ ಮುರಿಯಲು ಮನಸ್ಸಾಗಲಿಲ್ಲ. ಮನೆಯಲ್ಲಿ ಹೇಳಿದರೆ ಬೇಡವೆನ್ನುತ್ತಾರೆಂದು ಲೋಟದ ನೀರನ್ನು ತುಳಸಿಯ ಕಟ್ಟೆಗೆ ಸುರಿದು, ಊಟವನ್ನು ಕೋಣೆಗೆ ತರಿಸಿಕೊಂಡು ದನದ ಕಲಗಚ್ಚಿಗೆ ಹಾಕಿದೆವು. ಸೊಸೆಯ ಪುಸ್ತಕದಲ್ಲಿ ಹತ್ತು ಲೋಟ ಜಮೆಯಾಯಿತು. ಜೀವನದಲ್ಲಿ ಸುಳ್ಳು ಲೆಕ್ಕ ಬರೆಸಿದ್ದು ಅದೊಂದೇ ದಿನ.

ಮರುದಿನ ಹುಣ್ಣಿಮೆಯ ನಸುಕಿನಲ್ಲಿ ಬಹಿರ್ದೆಶೆ ಕಲ್ಲಾಗಿತ್ತು. ಮುಕ್ಕಿದೆವು. ರಕ್ತ ಧಾರೆಯಾಗಿ ಬಂತು. ನೀರು ಸುರಿದು ತೊಳೆದು ಯಾರಿಗೂ ಹೇಳದೆ ಬಂದು ಮಲಗಿದೆವು. ಮೊದಮೊದಲು ನಾಲ್ಕು ಹನಿ ಹೋಗುತ್ತಿದ್ದುದರಿಂದ ಇದೂ ಹಾಗೆಯೇ ಎಂದುಕೊಂಡೆವು. ಹತ್ತು ಗಂಟೆಗೆ ಮತ್ತೆ ಹೋದಾಗ ಗಡ್ಡೆಗಡ್ಡೆಯಾಗಿ ಬಿತ್ತು. ಕಣ್ಣಿಗೆ ಕತ್ತಲೆ ಬಂದು ಗೋಡೆಗೆ ಒರಗಿದ್ದಷ್ಟೇ ನೆನಪು. ಸೊಸೆ ಕದ ದೂಡಿ ನೋಡಿರದಿದ್ದರೆ ಈ ಲೇಖನವನ್ನು ಬರೆಯಲು ನಾವಿರುತ್ತಿರಲಿಲ್ಲ.

ಸೊಲ್ಲಾಪುರಕ್ಕೆ ಒಯ್ದರು. ಮತ್ತೆ ಆಪರೇಶನ್ ಕೋಣೆಗೆ ತೆಗೆದುಕೊಂಡು, ರಕ್ತ ಬರುತ್ತಿದ್ದ ನಾಳಕ್ಕೆ ಹೊಲಿಗೆ ಹಾಕಿ, ಒಂದು ಬಾಟಲಿ ರಕ್ತ ಕೊಟ್ಟರು. ವೈದ್ಯರು ಬೈಯಲಿಲ್ಲ. ಏಳರಿಂದ ಹದಿನಾಲ್ಕನೆಯ ದಿನದವರೆಗೆ ಗಾಯದ ಮೇಲಿನ ಪೊರೆ ಕಳಚುವ ಕಾಲ, ಎಲ್ಲ ನೇಮದಂತೆ ಇದ್ದವರಿಗೂ ಅಪರೂಪಕ್ಕೆ ರಕ್ತ ಹೋಗುತ್ತದೆ, ಆದರೆ ಆ ದಿನಗಳಲ್ಲಿ ಮಲ ಒಣಗಗೊಟ್ಟು ಮುಕ್ಕಿದರೆ ಅದನ್ನು ನಾವೇ ಕರೆದಂತೆ ಎಂದರು. ನಸುಕಿನಲ್ಲೇ ಹೇಳಿದ್ದರೆ ರಕ್ತದ ಬಾಟಲಿ ಬೇಕಾಗುತ್ತಿರಲಿಲ್ಲ ಎಂದೂ ಹೇಳಿದರು.

ಮನೆಯವರ ಮಾತು

ಅಂದು ರಾತ್ರಿ ಆಸ್ಪತ್ರೆಯಲ್ಲಿ ನಮ್ಮ ಮನೆಯವರು ಮಂಚದ ಹತ್ತಿರ ಕುಳಿತು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ರೀ, ನೀರು ಬ್ಯಾಡಂದ್ರ ಬ್ಯಾಡ ಅನ್ಬೇಕಿತ್ತು. ಚೆಲ್ಲಿ ಕುಡದೀನಿ ಅಂತ ಯಾಕ ಹೇಳಿದ್ರಿ?" ಎಂದು ಕೇಳಿದರು. ಉತ್ತರವಿರಲಿಲ್ಲ. ಸ್ವಲ್ಪ ತಡೆದು ತಲೆ ತಗ್ಗಿಸಿ, "ನನಗೂ ಐತ್ರಿ. ಸಣ್ಣವ ಹುಟ್ಟಿದಾಗಿನಿಂದ" ಎಂದರು.

ಸಣ್ಣ ಮಗನಿಗೆ ಈಗ ಮೂವತ್ತನಾಲ್ಕು ವರ್ಷ. ಮೂವತ್ತನಾಲ್ಕು ವರ್ಷ ಅವರು ಬೆಳಗಿನ ಪೂಜೆ, ಅಡಿಗೆ, ಬೀಗರು ನೆಂಟರು ಎಲ್ಲವನ್ನೂ ಮಾಡುತ್ತ ಈ ರಕ್ತವನ್ನು ಒಬ್ಬರೇ ತೊಳೆದುಕೊಂಡು ಬಂದಿದ್ದರು. ದಶಲಕ್ಷಣ ಪರ್ವದಲ್ಲಿ ಅವರಿಗೆ ತಲೆ ತಿರುಗಿದರೆ ಉಪವಾಸದ ಆಯಾಸವೆಂದು ನಾವು ನಿಂಬೆಯ ಶರಬತ್ತು ಕೊಟ್ಟು ಸುಮ್ಮನಾಗಿದ್ದೆವು. ಬಸುರಿನಲ್ಲಿ, ಬಾಣಂತನದಲ್ಲಿ ಹೆಂಗಸರಿಗೆ ಮೂಲವ್ಯಾಧಿ ಬರುವುದು ಬಹಳ ಸಾಮಾನ್ಯವಂತೆ. ಹನ್ನೊಂದು ವರ್ಷ ಮುಚ್ಚಿಟ್ಟ ನಾವು ಆ ಮಾತು ಕೇಳಿ ಮುಖ ಎತ್ತಲಾಗಲಿಲ್ಲ.

ಮರುದಿನವೇ ಅದೇ ಆಸ್ಪತ್ರೆಯ ಮಹಿಳಾ ವೈದ್ಯರಿಗೆ ತೋರಿಸಿದೆವು. ಹಿಮೋಗ್ಲೋಬಿನ್ ೭.೮ ಇತ್ತು. ಹೆಂಗಸರಿಗೆ ೧೨ ಇರಬೇಕು. ಅವರಿಗೂ ಮೊದಲು ದುರ್ಬೀನಿನಿಂದ ಕರುಳು ನೋಡಿ, ಬೇರೆ ರೋಗವಿಲ್ಲವೆಂದು ಖಾತ್ರಿ ಮಾಡಿಕೊಂಡರು. ರೋಗ ಎರಡನೆಯ ಹಂತದಲ್ಲಿಯೇ ನಿಂತಿತ್ತು. ಮೊಳೆಯ ಬುಡಕ್ಕೆ ಸಣ್ಣ ರಬ್ಬರಿನ ಉಂಗುರ ಹಾಕಿದರು. ಅಮೆರಿಕೆಯ ಬ್ಯಾರನ್ ಎಂಬ ಶಸ್ತ್ರವೈದ್ಯರು ೧೯೬೩ರಲ್ಲಿ ರೂಢಿಗೆ ತಂದ ಉಪಾಯ ಅದು. ರಕ್ತ ಸಿಗದೆ ಮೊಳೆ ತಾನೇ ಬಾಡಿ ಕೆಲವು ದಿನಗಳಲ್ಲಿ ಉದುರುತ್ತದೆ. ಅರಿವಳಿಕೆ ಬೇಕಾಗಲಿಲ್ಲ, ಸಂಜೆಯೊಳಗೆ ಮನೆಗೆ ಬಂದರು. ಮೂವತ್ತನಾಲ್ಕು ವರ್ಷದ ಕಷ್ಟಕ್ಕೆ ಅರ್ಧ ತಾಸಿನ ಚಿಕಿತ್ಸೆ. ಜೊತೆಗೆ ಕಬ್ಬಿಣಾಂಶದ ಗುಳಿಗೆ ಕೊಟ್ಟರು. ಅದರಿಂದ ಮಲ ಕಪ್ಪಾಗಿ ಗಟ್ಟಿಯಾಗುವುದುಂಟಾದ್ದರಿಂದ ಇಸಬಗೋಲದ ಡಬ್ಬಿ ಈಗ ನಮ್ಮಿಬ್ಬರ ನಡುವೆ ಇರುತ್ತದೆ.

ವಿಹಾರದಲ್ಲಿ ನಮ್ಮೂರಿಗೆ ಬಂದಿದ್ದ ಮುನಿ ಮಹಾರಾಜರ ಮುಂದೆ ನಡೆದದ್ದನ್ನೆಲ್ಲ ನಿವೇದಿಸಿ ಪ್ರಾಯಶ್ಚಿತ್ತ ಬೇಡಿದೆವು. ಗಾಯ ಮಾಯುವವರೆಗೆ ಉಪವಾಸ ಬೇಡ, ಅಂದು ಜಪ ಮಾಡು, ಗುಣವಾದ ಮೇಲೆ ನಿಯಮ ಮುಂದುವರಿಸು ಎಂದರು. ಕಾಯಿಲೆಯವರ ಸೇವೆ ವೈಯಾವೃತ್ಯ, ಅದು ತಪಸ್ಸಿನಲ್ಲಿ ಸೇರಿದ್ದು. ಸೇವೆ ಮಾಡುವವರಿಂದ ಮರೆಮಾಚಿದ್ದು ಮಾಯಾಚಾರ, ಪ್ರಾಯಶ್ಚಿತ್ತ ಅದಕ್ಕೆ, ಎಂದು ತಿಳಿಸಿದರು. ನೋವು ಅಸಾತಾವೇದನೀಯ ಕರ್ಮದ ಫಲವೆಂದು ತಿಳಿದು ಸಹಿಸುವುದು ಬೇರೆ. ಹೇಳಲು ನಾಚಿ ಒಳಗೇ ಕೊರಗುತ್ತ ಅದನ್ನೇ ಚಿಂತಿಸುವುದು ಆರ್ತಧ್ಯಾನ. ಈ ಭೇದ ನಮಗೆ ಅಂದು ತಿಳಿಯಿತು.

ಮನೆಯವರು ನೆನಪಿಡಬೇಕಾದದ್ದು

ಆಪರೇಶನ್ ಆಗಿ ಮನೆಗೆ ಬಂದವರಿದ್ದರೆ ಈ ನಾಲ್ಕರಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು:

೧. ಹನಿಯಲ್ಲ, ಧಾರೆಯಾಗಿ ಇಲ್ಲವೆ ಗಡ್ಡೆಯಾಗಿ ರಕ್ತ ಹೋಗುವುದು, ತಲೆ ತಿರುಗುವುದು.
೨. ಮೂತ್ರ ಕಟ್ಟಿಕೊಳ್ಳುವುದು.
೩. ಜ್ವರ, ಚಳಿ, ಕೀವು.
೪. ದಿನದಿಂದ ದಿನಕ್ಕೆ ಇಳಿಯಬೇಕಾದ ನೋವು ಏರುತ್ತ ಹೋಗುವುದು.

ರಕ್ತ ತಿಳಿಯಾಗಿಸುವ ಗುಳಿಗೆ ನಡೆದಿದ್ದರೆ ಅದನ್ನು ಆಪರೇಶನ್ನಿಗೆ ಮೊದಲೇ ವೈದ್ಯರಿಗೆ ಹೇಳಬೇಕು. ಮನಸ್ಸಿಗೆ ಬಂದಂತೆ ನಿಲ್ಲಿಸಲೂಬಾರದು, ಶುರು ಮಾಡಲೂಬಾರದು. ಸಾಧಾರಣವಾಗಿ ಗಾಯ ಪೂರ್ತಿ ಮಾಯಲು ನಾಲ್ಕರಿಂದ ಆರು ವಾರ ಬೇಕು. ಅಂಗಡಿಯ ಚಿಂತೆಯಿಂದ ಮೊದಲೇ ಗಾದಿ ಏರಬಾರದು. ನಾವು ಹದಿನೈದು ದಿನಕ್ಕೆ ಏರುವ ವಿಚಾರ ಮಾಡಿದ್ದೆವು. ಏರಿದ್ದು ನಲವತ್ತಾರನೆಯ ದಿನ.

ಮರಳಿ ಬಂದಾಗ ಗಾದಿಯ ಪಕ್ಕದಲ್ಲಿ ಮಗ ನೀರಿನ ತಂಬಿಗೆ ಇಟ್ಟಿದ್ದ. ಈಗ ಗಿರಾಕಿ ನಿಂತಿದ್ದರೂ ಹೊಟ್ಟೆ ಕರೆದರೆ, "ಎರಡು ನಿಮಿಷ ಕೂಡ್ರಿ" ಎಂದು ಹೇಳಿ ಎದ್ದು ಹೋಗುತ್ತೇವೆ. ಇದುವರೆಗೆ ಒಬ್ಬ ಗಿರಾಕಿಯೂ ಬೇರೆ ಅಂಗಡಿಗೆ ಹೋಗಿಲ್ಲ. ಗಂಟೆಗೊಮ್ಮೆ ಎದ್ದು ಅಂಗಡಿಯ ಮುಂದೆ ನಾಲ್ಕು ಹೆಜ್ಜೆ ಹಾಕುತ್ತೇವೆ. ಚತುರ್ದಶಿಯ ಉಪವಾಸ ಎರಡು ತಿಂಗಳ ಮೇಲೆ ಮತ್ತೆ ಶುರುವಾಯಿತು. ಅದರ ಹಿಂದಿನ ದಿನವೂ ಪಾರಣೆಯ ದಿನವೂ ಸೊಸೆಯ ಪುಸ್ತಕದಲ್ಲಿ ಹತ್ತು ಲೋಟ ಜಮೆಯಾಗಲೇಬೇಕು. ಆ ಲೆಕ್ಕದಲ್ಲಿ ಈಗ ಸುಳ್ಳಿಲ್ಲ.

ಈ ಲೇಖನವನ್ನು ಓದಿದ ಶ್ರಾವಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮಗೆ ಈ ಕಷ್ಟವಿದ್ದರೆ ಮನೆಯಲ್ಲಿ ಇಂದೇ ಹೇಳಿರಿ. ನಿಮಗೆ ಇಲ್ಲದಿದ್ದರೆ ಇಂದು ಸಂಜೆಯ ಊಟವಾದ ಮೇಲೆ ನಿಮ್ಮ ಮನೆಯವರನ್ನು ಒಂದು ಮಾತು ಕೇಳಿರಿ. ನಾವು ಕೇಳಲು ಮೂವತ್ತನಾಲ್ಕು ವರ್ಷ ತಡಮಾಡಿದೆವು.

ಜಯ ಜಿನೇಂದ್ರ.